ಹೆಸರು ತಿಳಿದ ಮೇಲೆ ಕಾಲೊನಿ: ಕಲಬುರಗಿಯ ಮನೆಯಲ್ಲಿ ಆಫ್ರಿಕನ್ ಸಿಕ್ಲಿಡ್

ಮೀನಿನ ಅಂಗಡಿಯಲ್ಲಿ ‘ಆಫ್ರಿಕನ್ ಮಿಕ್ಸ್’, ಅಂದರೆ ಸಿಕ್ಲಿಡ್ ಎಂಬ ಆಫ್ರಿಕದ ಬಣ್ಣದ ಮೀನುಗಳ ಕಲಸಿದ ಮರಿಗಳನ್ನು ಕೇಳಿದರೆ ಸಿಗುವ ಚೀಲದಲ್ಲಿ ಹಳದಿ ಮರಿಗಳೇ ಹೆಚ್ಚಾಗಿರುತ್ತವೆ. ಒಂದೇ ಹೊಟ್ಟೆಯವು ಎಂದು ಕೊಂಡುತಂದರೆ ಮುಂದೆ ಒಂದು ನೀಲಿಯಾಗುತ್ತದೆ, ಇನ್ನೊಂದು ಕಪ್ಪಾಗುತ್ತದೆ, ಮತ್ತೊಂದು ಉಳಿದವರನ್ನೆಲ್ಲ ಹೊಡೆದು ಮೂಲೆಗೆ ಒತ್ತುತ್ತದೆ. ಆ ಚೀಲದಲ್ಲಿ ಕಡಿಮೆಯೆಂದರೂ ನಾಲ್ಕು ಜಾತಿಯ ಹಳದಿ ಇರಬಹುದು. ಅವನ್ನು ಬೇರ್ಪಡಿಸಲು ಬಾರದವರು ತೊಟ್ಟಿಯಲ್ಲಿ ಮೀನು ಸಾಕಬಹುದು, ಒಂದೇ ಜಾತಿಯ, ಮರಿ ಮಾಡುತ್ತ ಬೆಳೆಯುವ ಗುಂಪು ಅಂದರೆ ಕಾಲೊನಿ ಕಟ್ಟಲಾರರು.

ನಾನು ನೋಡುವ ಕ್ರಮ ಹೀಗಿದೆ. ಬೆನ್ನಿನ ರೆಕ್ಕೆಯ ಉದ್ದಕ್ಕೂ ಮುಂದಿನಿಂದ ಹಿಂದಿನವರೆಗೆ ಕಪ್ಪು ಪಟ್ಟಿ ಸ್ಪಷ್ಟವಾಗಿದ್ದರೆ ಅದು ಎಲೆಕ್ಟ್ರಿಕ್ ಯೆಲ್ಲೋ, ಅಂದರೆ ಲ್ಯಾಬಿಡೊಕ್ರೋಮಿಸ್ ಸೆರುಲಿಯಸ್. ಪಟ್ಟಿ ಇಲ್ಲದೆ ಮೈಯೆಲ್ಲ ಹಳದಿಯಾಗಿದ್ದು, ಬೆಳೆಯುತ್ತ ಕೆಲವು ಮರಿಗಳ ಮೈಮೇಲೆ ಮೇಲಿನಿಂದ ಕೆಳಕ್ಕೆ ಮಸುಕಾದ ಗೆರೆಗಳು ಮೂಡಿದರೆ ಸೌಲೋಸಿ. ಆ ಗೆರೆಯವೇ ಮುಂದೆ ನೀಲಿ ಗಂಡುಗಳಾಗುತ್ತವೆ. ಗೆರೆ ತಲೆಯಿಂದ ಬಾಲದ ಕಡೆಗೆ ಅಡ್ಡಲಾಗಿ ಓಡಿದರೆ ಜೊಹಾನಿ. ಬಣ್ಣ ಕಿತ್ತಳೆಗೆ ತಿರುಗಿ, ಹಣೆ ಮೊಂಡಾಗಿ ಇಳಿದಿದ್ದರೆ ರೆಡ್ ಜೀಬ್ರಾ ಇರಬೇಕು. ಎಲೆಕ್ಟ್ರಿಕ್ ಯೆಲ್ಲೋ ಮತ್ತು ರೆಡ್ ಜೀಬ್ರಾಗಳ ಬೆರಕೆಯೇ ಮಾರುಕಟ್ಟೆಯಲ್ಲಿ ಹೆಚ್ಚು ಮೋಸ ಮಾಡುವುದು. ಬೆನ್ನಿನ ಕಪ್ಪು ಪಟ್ಟಿ ಮಸಿ ತೀಡಿದಂತೆ ಕದಡಿರುತ್ತದೆ, ಹಳದಿಯಲ್ಲಿ ಕೇಸರಿ ಛಾಯೆ ಇರುತ್ತದೆ. ಪೀಕಾಕ್ ಎಂಬ ಇನ್ನೊಂದು ಸಿಕ್ಲಿಡ್ ಗುಂಪಿನ ಹೆಣ್ಣುಗಳ ಮಟ್ಟಿಗೆ ನನ್ನದು ಒಂದೇ ನಿಯಮ: ಕಲಸಿಟ್ಟ ತೊಟ್ಟಿಯಿಂದ ಕೊಳ್ಳುವುದಿಲ್ಲ. ಎಲ್ಲವೂ ಬೂದುಗಂದು, ಯಾರು ಯಾವ ಜಾತಿ ಎಂದು ಮೀನುಗಳೇ ಹೇಳಬೇಕು.

ಇಷ್ಟು ಪಟ್ಟು ಹಿಡಿಯಲು ಕಾರಣವಿದೆ. ಪೂರ್ವ ಆಫ್ರಿಕದ ಮಲಾವಿ ಸರೋವರದ ಈ ಜಾತಿಗಳು ಜೀವವಿಕಾಸದ ಲೆಕ್ಕದಲ್ಲಿ ತೀರ ಇತ್ತೀಚೆಗೆ ಕವಲೊಡೆದವು. ಆದ್ದರಿಂದ ಬೆರಕೆಯ ಮರಿಗಳೂ ಬಂಜೆಯಾಗದೆ ಮತ್ತೆ ಮರಿ ಹಾಕುತ್ತವೆ. ಸರೋವರದ ತಿಳಿನೀರಿನಲ್ಲಿ ಹೆಣ್ಣು ಬಹುಮಟ್ಟಿಗೆ ಬಣ್ಣ ನೋಡಿ ತನ್ನವನನ್ನು ಆರಿಸುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ತನ್ನವನೇ ಇಲ್ಲದಿದ್ದರೆ ಸಿಕ್ಕವನ ಜೊತೆ ಸಂಸಾರ ಹೂಡುತ್ತದೆ.

ನಾನು ಆರಿಸಿಕೊಂಡದ್ದು ಸೌಲೋಸಿ. ಚಿಕ್ಕ ಮೀನು, ಗಂಡು ನೀಲಿ, ಹೆಣ್ಣು ಹಳದಿ. ಒಂದೇ ಜಾತಿ ಸಾಕಿದರೂ ತೊಟ್ಟಿಯಲ್ಲಿ ಎರಡು ಬಣ್ಣ ಆಡುತ್ತವೆ. ನಿಸರ್ಗದಲ್ಲಿ ಇದರ ನೆಲೆ ಅದೇ ಸರೋವರದ ಚಿಜುಮುಲು ದ್ವೀಪದ ಹತ್ತಿರದ ಟೈವಾನೀ ರೀಫ್ ಎಂಬ ಬಂಡೆಸಾಲು ಮಾತ್ರ. ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿದು ಹಿಡಿದು ಅಲ್ಲಿ ವಿರಳವಾಗಿದೆ. ಹಾಗಾಗಿ ಮನೆಗಳಲ್ಲಿ ಶುದ್ಧ ತಳಿ ಉಳಿಯುವುದು ಬರೀ ಹವ್ಯಾಸಿಯ ಹಟವಲ್ಲ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ, ಸುಮಾರು 250 ಲೀಟರಿನ ತೊಟ್ಟಿ. ಒಬ್ಬರೇ ಸಾಕಣೆದಾರರಿಂದ ಒಂದೇ ಗುಂಪಿನ ಮರಿಗಳನ್ನು ತಂದು ಬೆಳೆಸಿ, ಹೆಚ್ಚಾದ ಗಂಡುಗಳನ್ನು ತೆಗೆದು, ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣಿನ ಲೆಕ್ಕಕ್ಕೆ ಇಳಿಸಿದೆ. ಒಂದೇ ಗಂಡನ್ನು ಉಳಿಸಬೇಡಿ. ಎದುರಾಳಿ ಇಲ್ಲದ ಗಂಡು ತನ್ನ ಸಿಟ್ಟನ್ನೆಲ್ಲ ಹೆಣ್ಣುಗಳ ಮೇಲೆ ತೀರಿಸಿಕೊಳ್ಳುತ್ತದೆ.

ನೀರಿನ ವಿಷಯದಲ್ಲಿ ಕಲಬುರಗಿಯವರು ಅದೃಷ್ಟವಂತರು. ಸ್ನಾನದ ಬಕೆಟ್ಟಿಗೆ ಬಿಳಿ ಹೊಪ್ಪಳೆ ಕಟ್ಟಿಸುವ, ಸೋಪು ನೊರೆಯಾಗದ ನಮ್ಮ ಬೋರ್‌ವೆಲ್ ನೀರನ್ನು ಎಲ್ಲರೂ ಬೈಯುತ್ತಾರೆ. ಮಲಾವಿ ಮೀನುಗಳು ಬಯಸುವುದು ಅಂಥ ಗಡಸು ನೀರನ್ನೇ. ಪಿಎಚ್ 7.8ರಿಂದ 8.6ರ ನಡುವೆ ಇದ್ದರೆ ಸಾಕು. ಆದರೆ ನೈಟ್ರೇಟ್ ಪರೀಕ್ಷಿಸದೆ ಬೋರ್ ನೀರನ್ನು ನಂಬಬಾರದು, ಬೀದಿಯಿಂದ ಬೀದಿಗೆ ಅದು ಬದಲಾಗುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯಲೇಬೇಕು.

ಬಂಡೆಗೂ ದೂರ ಹೋಗಬೇಕಿಲ್ಲ. ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ಫರಸಿ ಕೂಡಿಸುವ ಮೇಸ್ತ್ರಿಯ ಬಳಿ ಒಡೆದ ತುಂಡುಗಳನ್ನು ಕೇಳಿದಾಗ, “ಸಾಹೇಬರೇ, ಇಷ್ಟು ಚೂರುಪಾರಿನಲ್ಲಿ ಯಾವ ಮನೆ ಕಟ್ಟುತ್ತೀರಿ?” ಎಂದು ನಕ್ಕ. ಅಂಚುಗಳನ್ನು ಉಜ್ಜಿ ಮೊಂಡು ಮಾಡಿ, ಉಸುಕು ಹಾಕುವ ಮೊದಲೇ ಕಲ್ಲನ್ನು ತಳದ ಮೇಲೆ ಭದ್ರವಾಗಿ ಕೂಡಿಸಬೇಕು. ಈ ಮೀನುಗಳು ಉಸುಕನ್ನು ತೋಡುತ್ತವೆ. ಉಸುಕಿನ ಮೇಲೆ ನಿಂತ ಕಲ್ಲು ಒಂದು ದಿನ ಗಾಜಿನ ಮೇಲೆ ಬೀಳುತ್ತದೆ. ಕಲ್ಲಿನಿಂದ ಪಿಎಚ್ ಏರುತ್ತದೆ ಎಂದು ಬಹಳ ನಿರೀಕ್ಷಿಸಬೇಡಿ. ನೀರು ಮೊದಲೇ ಗಡಸಾಗಿದ್ದರೆ ಸುಣ್ಣ ಕರಗುವುದು ಅತ್ಯಲ್ಪ. ಅದರ ನಿಜವಾದ ಉಪಯೋಗ ಸಂದುಗಳು: ಪೆಟ್ಟು ತಿಂದವರು ಅಡಗಲು, ದೊಡ್ಡವನ ಕಣ್ಣು ತಪ್ಪಿಸಲು.

ನಮ್ಮ ಶತ್ರು ಬಿಸಿಲು. ಹೊರಗೆ 42, 43 ಡಿಗ್ರಿ ಇರುವಾಗ ಕೋಣೆಯ ನೀರು 32 ದಾಟುವುದು ಕಷ್ಟವೇನಲ್ಲ. ಮೀನಿಗೆ ಹಿತವಾದದ್ದು 24ರಿಂದ 27. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಮೀನಿನ ಉಸಿರಾಟ ಮಾತ್ರ ಹೆಚ್ಚು. ತೊಟ್ಟಿಯ ಮುಚ್ಚಳ ತೆಗೆದು ಜಾಳಿಗೆ ಹಾಸಿ, ನೀರಿನ ಮೇಲ್ಮೈಗೆ ಓರೆಯಾಗಿ ಚಿಕ್ಕ ಫ್ಯಾನ್ ಹಚ್ಚುತ್ತೇನೆ. ಏಪ್ರಿಲ್, ಮೇ ತಿಂಗಳ ಒಣ ಗಾಳಿಯಲ್ಲಿ ಇದರಿಂದ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಳೆಗಾಲದ ತೇವದಲ್ಲಿ ಅಷ್ಟು ನಡೆಯುವುದಿಲ್ಲ. ಆರಿಹೋಗುವುದು ನೀರು ಮಾತ್ರ, ಅದರಲ್ಲಿನ ಉಪ್ಪುಗಳೆಲ್ಲ ತೊಟ್ಟಿಯಲ್ಲೇ ಉಳಿಯುತ್ತವೆ. ಹಾಗಾಗಿ ಕಡಿಮೆಯಾದಷ್ಟನ್ನು ತುಂಬಲು ಆರ್‌ಒ ಘಟಕದ ಕ್ಯಾನ್ ನೀರು, ವಾರದ ನೀರು ಬದಲಾವಣೆಗೆ ಬೋರ್ ನೀರು. ಈ ಎರಡನ್ನು ಅದಲುಬದಲು ಮಾಡಬಾರದು. ಸಂಜೆಯ ಗಾಳಿಮಳೆಗೆ ಕರೆಂಟ್ ಹೋದರೆ ನಮ್ಮ ಮನೆಯ ಇನ್‌ವರ್ಟರ್ ಮೊದಲು ನಡೆಸುವುದು ಏರ್ ಪಂಪ್. ಟಿವಿಯದು ಆಮೇಲಿನ ಮಾತು.

ಮೊಟ್ಟೆಯ ಸುದ್ದಿ ನಮ್ಮ ಮನೆಯಲ್ಲಿ ಮೊದಲು ತಿಳಿಯುವುದು ಅವ್ವನಿಗೆ. “ಆ ಹಳದಿಯವಳು ಇವತ್ತು ತುತ್ತು ಮುಟ್ಟಲಿಲ್ಲ, ನೋಡಪ್ಪ,” ಎಂದರೆ ನಾನು ಟಾರ್ಚ್ ಹಿಡಿದು ಕೂರುತ್ತೇನೆ. ಗದ್ದದ ಕೆಳಗಿನ ಚರ್ಮ ಚೀಲದಂತೆ ಇಳಿಬಿದ್ದಿರುತ್ತದೆ, ಬಾಯಿ ಪೂರ್ತಿ ಮುಚ್ಚುವುದಿಲ್ಲ. ಆಗಾಗ ಎಲೆಯಡಿಕೆ ಜಗಿದಂತೆ ದವಡೆ ಅಲ್ಲಾಡುತ್ತದೆ. ಒಳಗಿನ ಮೊಟ್ಟೆಗಳನ್ನು ಹೊರಳಿಸುತ್ತಿರುತ್ತಾಳೆ. ಇಟ್ಟ ಮೊಟ್ಟೆಗಳನ್ನು ಕೂಡಲೇ ಬಾಯಿಗೆ ಹಾಕಿಕೊಂಡು, ಗಂಡಿನ ಗುದರೆಕ್ಕೆಯ ಮೇಲಿನ ಮೊಟ್ಟೆಯಾಕಾರದ ಚುಕ್ಕಿಗಳಿಗೆ ಬಾಯಿ ಹಾಕುವಾಗ ವೀರ್ಯ ಒಳಸೇರಿ ಗರ್ಭ ಕಟ್ಟುತ್ತದೆ. ಅಲ್ಲಿಂದ ಸುಮಾರು ಮೂರು ವಾರ ಹೆಚ್ಚುಕಡಿಮೆ ಉಪವಾಸ.

ಎರಡು ವಾರ ದಾಟಿದ ಮೇಲೆ ರಾತ್ರಿ ದೀಪ ಆರಿಸಿ ಅವಳನ್ನು ಹಿಡಿಯುತ್ತೇನೆ, ಹಗಲಲ್ಲಿ ಅಟ್ಟಿಸಿಕೊಂಡು ಹೋದರೆ ಗಾಬರಿಯಲ್ಲಿ ಉಗುಳಿಬಿಡುತ್ತಾಳೆ. ಸ್ಪಂಜ್ ಫಿಲ್ಟರ್ ಇರುವ ಚಿಕ್ಕ ತೊಟ್ಟಿಯಲ್ಲಿ ಅವಳು ಬಾಯಿಂದ ಮರಿಗಳನ್ನು ಬಿಟ್ಟ ನಂತರ ಅವಳಿಗೆ ಚೆನ್ನಾಗಿ ಉಣಿಸಿ ಮರಳಿ ಸೇರಿಸಬೇಕು. ಸೊರಗಿದವಳನ್ನು ಕಂಡರೆ ಗುಂಪು ಬಿಡುವುದಿಲ್ಲ. ಮರಿಗಳಿಗೆ ಪುಡಿ ಮಾಡಿದ ಸ್ಪಿರುಲಿನಾ ಪಾಚಿಯ ಆಹಾರ ಸಾಕು. ದೊಡ್ಡವರಿಗೂ ಅದೇ ಮುಖ್ಯ, ಜೊತೆಗೆ ಬಿಸಿನೀರಿನಲ್ಲಿ ಅದ್ದಿದ ಪಾಲಕ್. ರಕ್ತಹುಳುವನ್ನು ಪ್ರೀತಿಯಿಂದ ಸುರಿಯುವವರ ಮನೆಯಲ್ಲೇ ಹೊಟ್ಟೆಯುಬ್ಬರ ಹೆಚ್ಚು.

ಮರಿಗಳನ್ನು ಕೊಡುವಾಗ ಚೀಲದ ಮೇಲೆ ಜಾತಿಯ ಹೆಸರನ್ನೂ ತಾಯಿಗುಂಪು ಎಲ್ಲಿಂದ ಬಂತೆಂಬುದನ್ನೂ ಬರೆದು ಅಂಟಿಸುತ್ತೇನೆ. “ನಿಮ್ಮಲ್ಲಿ ಬೇರೆ ಮಲಾವಿ ಮೀನುಗಳಿವೆಯೇ?” ಎಂದು ಕೇಳಿ, ಹೆಣ್ಣು ಹಳದಿಯಾಗಿರುವ ಇನ್ನೊಂದು ಜಾತಿ ಇದ್ದರೆ ಕೊಡುವುದಿಲ್ಲ. ಇದಕ್ಕೆ ಮುನಿಸಿಕೊಂಡವರಿದ್ದಾರೆ. ಮೀನು ಹೆಚ್ಚಾಯಿತೆಂದು ಭೀಮೆಗೋ ಊರ ಕೆರೆಗೋ ಬಿಡುವ ಯೋಚನೆ ಇದ್ದವರಿಗಂತೂ ಒಂದು ಮರಿಯನ್ನೂ ಕೊಡುವುದಿಲ್ಲ. ಮಾರುಕಟ್ಟೆಯಲ್ಲಿ ಜಿಲೇಬಿ ಎಂದು ತೂಗಿ ಕೊಡುವ ತಿಲಾಪಿಯಾ ಕೂಡ ಆಫ್ರಿಕದ ಸಿಕ್ಲಿಡ್ಡೇ. 1952ರಲ್ಲಿ ಭಾರತಕ್ಕೆ ತಂದ ಆ ಮೀನು ಈಗ ಬಲೆ ಬೀಸಿದಲ್ಲೆಲ್ಲ ಬರುತ್ತದೆ.