ಕಬ್ಬು ಕಡಿಯುವ ಮಚ್ಚಿಗೆ ಹದ ಹಾಕಿದ್ದು

ಹವ್ಯಾಸಕ್ಕೆಂದು ಕುಲುಮೆ ಹೂಡುವವರು ಸಾಮಾನ್ಯವಾಗಿ ಮೊದಲು ಚಾಕುವಿಗೆ ಕೈ ಹಾಕುತ್ತಾರೆ. ಯೂಟ್ಯೂಬ್ ತೆರೆದರೂ ಕಾಣುವುದೆಲ್ಲ ಚಾಕುವೇ. ನಾನಿರುವುದು ಮಂಡ್ಯ ಸೀಮೆಯಲ್ಲಿ, ಹಿತ್ತಿಲ ಬೇಲಿ ದಾಟಿದರೆ ಕಬ್ಬಿನ ಗದ್ದೆ. ಹಾಗಾಗಿ ಈ ಸಲ ಕಟಾವಿಗೆ ಮೊದಲೇ ಕಬ್ಬು ಕಡಿಯುವ ಮಚ್ಚೊಂದನ್ನು ಮಾಡಿ ಮುಗಿಸಬೇಕು ಅಂದುಕೊಂಡೆ. ಗೋಡೆಗೆ ತೂಗುಹಾಕುವ ಮಚ್ಚಲ್ಲ, ಕೂಲಿಯಾಳಿನ ಕೈಯಲ್ಲಿ ದಿನವಿಡೀ ದುಡಿಯುವ ಮಚ್ಚು.

ಕುಲುಮೆ ಸಾದಾ. ಹಳೇ ಲಾರಿಯ ಬ್ರೇಕ್ ಡ್ರಮ್ಮು, ತಳದಲ್ಲಿ ಕಬ್ಬಿಣದ ಪೈಪು, ಗಾಳಿ ಊದಲು ಚಿಕ್ಕ ಬ್ಲೋವರ್. ಅದಕ್ಕೆ ರೆಗ್ಯುಲೇಟರ್ ಹಾಕಿಸಿರುವುದರಿಂದ ಗಾಳಿಯನ್ನು ಹೆಚ್ಚು ಕಡಿಮೆ ಮಾಡಬಹುದು. ಪೈಪು ಮಾತ್ರ ಜಿಐ ಆಗಿರಬಾರದು. ಅದರ ಮೇಲಿನ ಸತು ಕಾದು ಹೊಗೆಯಾದರೆ, ಅದನ್ನು ಉಸಿರಾಡಿದವರಿಗೆ ಚಳಿಜ್ವರ ಬರುತ್ತದೆ. ಬೆಂಕಿಗೆ ಬಳ್ಳಾರಿ ಜಾಲಿಯ ಇದ್ದಿಲು, ಮೇಲೊಂದಿಷ್ಟು ತೆಂಗಿನ ಚಿಪ್ಪಿನ ಇದ್ದಿಲು. ಅಡಿಗಲ್ಲಿಗೆ ಗುಜರಿಯಲ್ಲಿ ಸಿಕ್ಕ ದಪ್ಪ ಉಕ್ಕಿನ ಗಟ್ಟಿಯನ್ನು ಹುಣಸೆ ಕೊರಡಿನಲ್ಲಿ ಕೂರಿಸಿದ್ದೇನೆ. ಇಷ್ಟಿದ್ದರೆ ಕೆಲಸ ಶುರುಮಾಡಲು ಸಾಕು.

ಮಚ್ಚಿಗೆ ತಂದಿದ್ದು ಲಾರಿಯ ಸ್ಪ್ರಿಂಗ್ ಪಟ್ಟಿ, ಸುಮಾರು 8 ಮಿ.ಮೀ. ದಪ್ಪದ್ದು. ಮನೆಯ ಗ್ರಿಲ್ಲಿಗೆ ಹಾಕುವ ಸಾದಾ ಕಬ್ಬಿಣದಲ್ಲಿ ಇಂಗಾಲ ಶೇ. 0.25ಕ್ಕಿಂತ ಕಡಿಮೆ. ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಕತ್ತಿಗೆ ಬೇಕಾದ ಗಡಸು ಬರುವುದಿಲ್ಲ. ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲ ಶೇ. 0.5ರಿಂದ 0.6ರ ಆಸುಪಾಸು ಇರುತ್ತದೆ, ಮಚ್ಚಿಗೆ ಅದು ಹೇಳಿ ಮಾಡಿಸಿದ ಉಕ್ಕು. ಗುಜರಿಯವರಿಗೆ ಎಲ್ಲವೂ ಬರೀ ಕಬ್ಬಿಣ, ತೂಕಕ್ಕೆ ದುಡ್ಡು. ನಮಗೆ ಹಾಗಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಇಲ್ಲಿನವರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಕಡ್ಡಿ ಇಟ್ಟು ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕಬ್ಬಿಣಕ್ಕೆ ಇಂಗಾಲ ಸೇರುತ್ತಿದ್ದುದು ಆ ಕಡ್ಡಿಯಿಂದ. ರಸ್ತೆ ಬದಿಯಲ್ಲಿ ಹಳದಿ ಹೂ ಬಿಟ್ಟು ನಿಂತ ತಂಗಡಿ ಗಿಡ ಕಂಡಾಗಲೆಲ್ಲ ನನಗೆ ಆ ಮೂಸೆ ನೆನಪಾಗುತ್ತದೆ. ಅವರು ಅಷ್ಟು ಪಾಡು ಪಟ್ಟು ಪಡೆದಿದ್ದು ನಮಗೆ ಗುಜರಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುತ್ತದೆ!

ಬಡಿಯುವ ಕೆಲಸದಲ್ಲಿ ಒಂದು ವಿಷಯ ಮುಖ್ಯ. ಪಟ್ಟಿಯ ಒಂದು ಅಂಚನ್ನು, ಅಂದರೆ ಕತ್ತರಿಸುವ ಬಾಯಿಯನ್ನು, ಬಡಿದು ತೆಳ್ಳಗೆ ಮಾಡುತ್ತಾ ಹೋದಂತೆ ಆ ಅಂಚು ಉದ್ದವಾಗುತ್ತದೆ, ಬೆನ್ನು ಇದ್ದಷ್ಟೇ ಇರುತ್ತದೆ. ಆಗ ಇಡೀ ಅಲಗು ಬೆನ್ನಿನ ಕಡೆಗೆ ಬಾಗುತ್ತದೆ. ಅದಕ್ಕೆ ಬಾಯಿ ಎಳೆಯುವ ಮೊದಲೇ ಪಟ್ಟಿಯನ್ನು ಬಾಯಿಯ ಕಡೆಗೆ ಸ್ವಲ್ಪ ಬಗ್ಗಿಸಿಕೊಳ್ಳಬೇಕು. ಬಡಿದು ಮುಗಿಯುವ ಹೊತ್ತಿಗೆ ಅದು ತಾನೇ ನೆಟ್ಟಗಾಗಿರುತ್ತದೆ. ಕುಡುಗೋಲಿಗಾದರೆ ಇನ್ನೂ ಹೆಚ್ಚು ಬಗ್ಗಿಸಬೇಕು. ಕಿತ್ತಳೆ ಬಣ್ಣದಲ್ಲಿ ಬಡಿದು, ಮಂಕು ಕೆಂಪಿಗೆ ಇಳಿದ ಕೂಡಲೇ ಮತ್ತೆ ಬೆಂಕಿಗೆ. ಬೆಂಕಿಯಲ್ಲಿರುವ ಉಕ್ಕಿನಿಂದಲೇ ನಕ್ಷತ್ರದಂಥ ಕಿಡಿ ಸಿಡಿಯತೊಡಗಿದರೆ ಅದು ಸುಡುತ್ತಿದೆ ಎಂದು ಅರ್ಥ, ಸುಟ್ಟ ತುದಿಯನ್ನು ಕತ್ತರಿಸಿ ಬಿಸಾಡುವುದೇ ಸರಿ. ಬಣ್ಣ ಗೊತ್ತಾಗಲು ನೆರಳು ಬೇಕು. ನಡು ಬಿಸಿಲಲ್ಲಿ ಕಿತ್ತಳೆಯೂ ಮಂಕಾಗಿ ಕಂಡು ಮೋಸ ಮಾಡುತ್ತದೆ. ನಾನು ಶೀಟಿನ ಮಾಡಿನ ಕೆಳಗೆ, ಹೊತ್ತು ಇಳಿದ ಮೇಲೆಯೇ ಈ ಕೆಲಸ ಮಾಡುವುದು.

ಇನ್ನು ಹದ, ಅಂದರೆ ಕಾಯಿಸಿ ಅದ್ದಿ ಗಡಸು ಮಾಡಿದ ಉಕ್ಕನ್ನು ಮತ್ತೆ ಹಗುರಾಗಿ ಕಾಯಿಸಿ, ಸುಲಭಕ್ಕೆ ಮುರಿಯದಂತೆ ಮಾಡುವುದು. ನಾನು ಈ ಬರಹಕ್ಕೆ ಕೂತಿದ್ದೇ ಇದಕ್ಕಾಗಿ. ಪಕ್ಕದ ಊರಿನ ಕುಲುಮೆಯಲ್ಲಿ ಈಗಲೂ ನೇಗಿಲ ಗುಳ ತಟ್ಟಿಕೊಡುವ ಆಚಾರ್ರಿದ್ದಾರೆ. ಮಚ್ಚಿನ ಬಾಯಿ ಎಷ್ಟು ಗಡಸಾಗಿರಬೇಕು ಎಂದು ಅವರನ್ನು ಕೇಳಿದೆ. "ಬಾಯಿ ಮುರುದ್ರೆ ಗದ್ದೇಲಿ ಏನೂ ಮಾಡಕ್ಕಾಗಲ್ಲ ಕಣಪ್ಪ, ಮಡಚ್ಕಂಡ್ರೆ ಕಲ್ಲಲ್ಲಿ ಉಜ್ಕಬೋದು" ಅಂದರು. ಇದರ ಹಿಂದಿನ ಕಾರಣ ಕಬ್ಬಿನಲ್ಲೇ ಇದೆ. ಕಬ್ಬನ್ನು ನೆಲಮಟ್ಟಕ್ಕೆ ಕಡಿಯಬೇಕು. ಸಕ್ಕರೆ ಹೆಚ್ಚಿರುವುದು ಬುಡದ ಗಿಣ್ಣುಗಳಲ್ಲಿ, ಮೇಲಾಗಿ ಬುಡಕ್ಕೆ ಕಡಿದರೆ ಕೂಳೆ (ಉಳಿದ ಬುಡದಿಂದ ಮತ್ತೆ ಚಿಗುರುವ ಬೆಳೆ) ಚೆನ್ನಾಗಿ ಒಡೆಯುತ್ತದೆ. ನೆಲಮಟ್ಟಕ್ಕೆ ಬೀಸಿದ ಮಚ್ಚು ಮಣ್ಣಿಗೆ, ಕಲ್ಲಿಗೆ ತಗುಲದೆ ಇರುವುದಿಲ್ಲ. ಅಡುಗೆ ಚಾಕುವಿನಷ್ಟು ಗಡಸು ಕೊಟ್ಟರೆ ಕಲ್ಲಿನ ಒಂದೇ ಏಟಿಗೆ ಬಾಯಿ ಮುಕ್ಕಾಗುತ್ತದೆ.

ಮೊದಲು ಅಲಗನ್ನು ಕೆಂಪಗೆ ಕಾಯಿಸಿ ಗಾಳಿಯಲ್ಲೇ ಆರಲು ಬಿಟ್ಟೆ, ಹೀಗೆ ಮೂರು ಸಲ. ಬಡಿತದಿಂದ ಉಕ್ಕಿನೊಳಗೆ ಉಳಿದಿದ್ದ ಬಿಗಿ ಇದರಿಂದ ಸಡಿಲವಾಗುತ್ತದೆ, ಎಣ್ಣೆಗೆ ಅದ್ದುವಾಗ ಅಲಗು ಸೊಟ್ಟಗಾಗುವುದು, ಸೀಳುವುದು ಕಡಿಮೆಯಾಗುತ್ತದೆ. ಆಮೇಲೆ ಹಳೇ ಸ್ಪೀಕರಿನ ಅಯಸ್ಕಾಂತವನ್ನು ಕಟ್ಟುತಂತಿಯಲ್ಲಿ ಕುಲುಮೆಯ ಪಕ್ಕ ನೇತುಹಾಕಿದೆ. ಸುಮಾರು 770 ಡಿಗ್ರಿ ದಾಟಿದರೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಲ್ಲಿಂದ ಇನ್ನೊಂದು ಛಾಯೆ ಮೇಲೇರಿಸಿ, ಬಾಯಿಯುದ್ದಕ್ಕೂ ಒಂದೇ ಬಣ್ಣ ಬಂದ ಮೇಲೆ ಎಣ್ಣೆಗೆ ಇಳಿಸಿದೆ. ಎಣ್ಣೆ ಮನೆಯಲ್ಲಿ ಕರಿದು ಮಿಕ್ಕಿದ ಸೂರ್ಯಕಾಂತಿ ಎಣ್ಣೆ, ಕೈ ತಾಳುವಷ್ಟು ಬಿಸಿ ಮಾಡಿದ್ದು. ತಣ್ಣಗಿನ ಎಣ್ಣೆ ಮಂದವಾಗಿರುತ್ತದೆ, ಬೆಚ್ಚಗಿನದು ತೆಳುವಾಗಿ ಬೇಗ ಶಾಖ ಎಳೆಯುತ್ತದೆ. ಅದ್ದಿದಾಗ ಬೆಂಕಿ ಭಗ್ಗನೆ ಏಳುವುದುಂಟು, ಆದ್ದರಿಂದ ಎಣ್ಣೆ ಕಬ್ಬಿಣದ ಡಬ್ಬದಲ್ಲಿರಬೇಕು, ಮುಚ್ಚಳ ಕೈಗೆಟುಕುವಂತಿರಬೇಕು. ಹೊರತೆಗೆದು ಅರ ಹಾಕಿ ನೋಡಿದೆ, ಅರ ಕಚ್ಚದೆ ಗಾಜಿನ ಮೇಲೆ ಜಾರಿದಂತೆ ಜಾರಿತು. ಹಾಗಾದರೆ ಗಡಸು ಬಂದಿದೆ.

ಆ ಸ್ಥಿತಿಯಲ್ಲಿ ಅಲಗು ಕೈತಪ್ಪಿ ಬಿದ್ದರೂ ಒಡೆಯಬಹುದು, ಹಾಗಾಗಿ ಹದವನ್ನು ನಾಳೆಗೆ ಇಡುವಂತಿಲ್ಲ. ಎಮರಿಯಲ್ಲಿ ಅಲಗಿನ ಮೈ ಉಜ್ಜಿ ಬೆಳ್ಳಗೆ ಮಾಡಿಕೊಂಡು, ಕೆಂಪಗೆ ಕಾದ ದಪ್ಪ ಕಬ್ಬಿಣದ ತುಂಡಿನ ಮೇಲೆ ಬೆನ್ನು ಊರಿ ಹಿಡಿದೆ. ಸ್ವಲ್ಪ ಹೊತ್ತಿಗೆ ಬೆನ್ನಿನ ಹತ್ತಿರ ತಿಳಿ ಹಳದಿ ಮೂಡಿತು. ಅದು ಬಾಯಿಯತ್ತ ಸರಿಯುತ್ತಿದ್ದಂತೆ ಹಿಂದಿನಿಂದ ಕಂದು, ಅದರ ಹಿಂದೆ ನೇರಳೆ, ಕೊನೆಗೆ ನೀಲಿ. ಹಳದಿ ಅಂದರೆ ಸುಮಾರು 220 ಡಿಗ್ರಿ, ಕಂದು 260, ನೇರಳೆ 280, ನೀಲಿ 300. ಕಾವು ಏರಿದಷ್ಟೂ ಗಡಸು ಇಳಿಯುತ್ತದೆ, ಮುರಿಯುವ ಭಯ ಕಡಿಮೆಯಾಗುತ್ತದೆ. ಚಾಕುವಿಗಾದರೆ ಬಾಯಲ್ಲಿ ಹಳದಿ ಕಂಡಾಗಲೇ ನಿಲ್ಲಿಸುತ್ತಾರೆ. ನಾನು ಬೆನ್ನು ಪೂರ್ತಿ ನೀಲಿಯಾಗಿ, ಬಾಯಿಗೆ ನೇರಳೆ ಮುಟ್ಟುವ ತನಕ ಕಾದು ಆಮೇಲೆ ನೀರಿಗೆ ಅದ್ದಿದೆ. ಈ ಬಣ್ಣಗಳ ಓಟ ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಹಿಡಿಗೆ ಜಾಲಿ ಮರ. ತೂತು ಕೊರೆದು, ಮಚ್ಚಿನ ಬಾಲವನ್ನಷ್ಟೇ ಕಾಯಿಸಿ ಒಳಗೆ ಇಳಿಸಿದೆ. ಬಾಲ ಕಾಯುವಾಗ ಅಲಗಿಗೆ ಒದ್ದೆ ಬಟ್ಟೆ ಸುತ್ತಿರಲೇಬೇಕು, ಇಲ್ಲದಿದ್ದರೆ ಹಾಕಿದ ಹದ ಇಳಿದುಹೋಗುತ್ತದೆ.

ಮೈಸೂರಿನ ಗೆಳೆಯರೊಬ್ಬರು ಇದೇ ಪಟ್ಟಿಯ ಇನ್ನೊಂದು ತುಂಡಿನಲ್ಲಿ ಈಳಿಗೆಮಣೆಗೆ ಅಲಗು ಮಾಡಿ ಹಳದಿಗೇ ನಿಲ್ಲಿಸಿದರು. ತರಕಾರಿಗೆ ಕಲ್ಲಿನ ಭಯವಿಲ್ಲ, ಬಾಯಿ ಬಹಳ ದಿನ ನಿಲ್ಲುವುದು ಮುಖ್ಯ, ಅದು ಸರಿಯಾದ ಹದವೇ. ಇನ್ನೊಬ್ಬರು ಪಾಂಡವಪುರದವರು, ಸಾದಾ ಕಬ್ಬಿಣದಲ್ಲಿ ಬಾಗಿಲ ಚಿಲಕ, ಗೋಡೆ ಕೊಕ್ಕೆ ಮಾಡುತ್ತಿದ್ದಾರೆ. ಅದಕ್ಕೆ ಹದದ ಹಂಗೇ ಇಲ್ಲ. ಸುತ್ತಿಗೆ ಹಿಡಿತ ಕಲಿಯಲು ಹೊಸಬರಿಗೆ ಅದಕ್ಕಿಂತ ಒಳ್ಳೆಯ ಕೆಲಸವಿಲ್ಲ ಎಂಬುದು ನನ್ನ ಅಭಿಪ್ರಾಯ.

ಮಚ್ಚನ್ನು ಪಕ್ಕದ ಗದ್ದೆಯ ಕಟಾವಿಗೆ ಬಂದವರೊಬ್ಬರ ಕೈಗೆ ಕೊಟ್ಟೆ. ಸಂಜೆ ಹೋಗಿ ನೋಡಿದರೆ ಬಾಯಲ್ಲಿ ಒಂದು ಕಡೆ ಕಲ್ಲು ತಗುಲಿ ಸಣ್ಣಗೆ ಮಡಚಿತ್ತು, ಎಲ್ಲೂ ಮುಕ್ಕಾಗಿರಲಿಲ್ಲ. ಬದುವಿನ ಕಲ್ಲಿಗೆ ನಾಲ್ಕು ಸಲ ಮಸೆದು ಅವರೇ ಸರಿಮಾಡಿಕೊಂಡರು. "ಮುಂದೆ ಭಾರ ಇರೋದ್ಕೆ ಒಂದೇ ಏಟ್ಗೆ ಬೀಳ್ತದೆ, ಹಿಡಿ ಮಾತ್ರ ದಪ್ಪ ಆಯ್ತು ಸಾ" ಅಂದರು. ಹಿಡಿಯನ್ನು ಅವರ ಮುಷ್ಟಿಯ ಅಳತೆಗೆ ಕೆತ್ತಿ ಇಳಿಸುತ್ತಿದ್ದೇನೆ, ಬರುವ ವಾರ ಮತ್ತೆ ಅದೇ ಗದ್ದೆಗೆ ಹೋಗುತ್ತದೆ.