ಕಾರವಾರದ ಮರಳಲ್ಲಿ ಕಲಿತ ಟೆನಿಸ್ ವಾಲಿ: ನನ್ನ ಡಬಲ್ಸ್ ಅನುಭವ

ಚೆಂಡು ಪುಟಿಯದ ಜಾಗದಲ್ಲಿ ಟೆನಿಸ್ ಪ್ರಾಕ್ಟೀಸ್ ಮಾಡುತ್ತೇನೆ ಅಂದಾಗ ನನ್ನ ಹಳೇ ಕೋಚ್ ಫೋನಲ್ಲೇ ನಕ್ಕಿದ್ದರು. 2024ರಲ್ಲಿ ನಾವು ಡಬ್ಲ್ಯೂ15 (ಮಹಿಳೆಯರ ಅಂತಾರಾಷ್ಟ್ರೀಯ ಟೆನಿಸ್‌ನ ಅತಿ ಕೆಳಗಿನ ಮೆಟ್ಟಿಲಿನ ಟೂರ್ನಮೆಂಟ್) ಡಬಲ್ಸ್ ಗೆದ್ದ ಮೇಲೆ ಅವರೇ ಫೋನ್ ಮಾಡಿದರು. "ಆ ಬೀಚ್ ಡ್ರಿಲ್ ಹೆಂಗೆ ಮಾಡ್ತೀಯಮ್ಮ, ಸ್ವಲ್ಪ ಹೇಳು" ಅಂದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ಸಿಂಗಲ್ಸ್ ಬಿಟ್ಟಾಗ ನನಗೆ 24 ವರ್ಷ. ಎಡ ಮಂಡಿ ಮೂರು ಸೆಟ್ ತಡೆಯುತ್ತಿರಲಿಲ್ಲ. "ಬರೀ ಡಬಲ್ಸ್ ಆಡಿದರೆ ಹೊಟ್ಟೆ ತುಂಬಲ್ಲ" ಅಂತ ಎಲ್ಲರೂ ಹೇಳಿದರು. ದುಡ್ಡಿನ ಲೆಕ್ಕದಲ್ಲಿ ಅವರ ಮಾತು ಸರಿಯೇ. ಡಬ್ಲ್ಯೂ15 ಗೆದ್ದರೂ ಇಬ್ಬರಿಗೂ ಸೇರಿ ಸಾವಿರ ಡಾಲರ್ ಆಗುವುದಿಲ್ಲ. ನನ್ನ ಪಾಲು ತೆರಿಗೆಗೆ ಮುಂಚೆ ನಲವತ್ತು ಸಾವಿರ ರೂಪಾಯಿ ಹತ್ತಿರ ಬರುತ್ತದೆ. ಅದಕ್ಕೂ ನಾಲ್ಕು ಮ್ಯಾಚ್ ಗೆಲ್ಲಬೇಕು. ಮೊದಲ ಸುತ್ತಿನಲ್ಲೇ ಸೋತರೆ ರ‍್ಯಾಂಕಿಂಗ್ ಪಾಯಿಂಟ್ ಇಲ್ಲ, ಬಂದ ದುಡ್ಡು ಒಂದು ದಿನದ ಊಟ ವಸತಿಗೂ ಸಾಲುವುದಿಲ್ಲ.

2022ರಲ್ಲಿ ಟ್ಯುನೀಷಿಯಾದ ಮೊನಾಸ್ಟಿರ್‌ಗೆ ಹೋಗಿದ್ದೆ. ಅಲ್ಲಿ ವಾರ ವಾರವೂ ಟೂರ್ನಮೆಂಟ್ ಇರುತ್ತದೆ, ಓಡಾಟದ ಖರ್ಚು ಉಳಿಯುತ್ತದೆ ಅನ್ನುವ ಲೆಕ್ಕ. ನಾಲ್ಕು ವಾರ ಇದ್ದೆ. ಟಿಕೆಟ್, ರೂಮು, ಊಟ ಎಲ್ಲ ಸೇರಿ ಎರಡು ಲಕ್ಷದ ಹತ್ತಿರ ಹೋಯಿತು. ಬಂದಿದ್ದು ಹದಿನೈದು ಸಾವಿರವೂ ಇಲ್ಲ. ಒಂದೇ ಒಂದು ಸೆಮಿಫೈನಲ್. ಮೂರನೇ ವಾರ ಜೊತೆಗಾತಿ ತನಗಿಂತ ಒಳ್ಳೆ ರ‍್ಯಾಂಕಿಂಗ್ ಇದ್ದವಳ ಜೊತೆ ಎಂಟ್ರಿ ಹಾಕಿದಳು. ತಪ್ಪು ಅನ್ನಲಾರೆ. ಇಬ್ಬರ ರ‍್ಯಾಂಕ್ ಕೂಡಿಸಿಯೇ ಡ್ರಾ (ಆಡುವವರ ಪಟ್ಟಿ) ಒಳಗೆ ಬಿಡುವುದಲ್ವಾ. ಆದರೂ ಆ ರಾತ್ರಿ ಆಯಿಗೆ (ಅಮ್ಮನಿಗೆ) ಫೋನ್ ಮಾಡಿ ಅತ್ತುಬಿಟ್ಟೆ. ಸ್ಪಾನ್ಸರ್ ಮಾಡುತ್ತೇವೆ ಅಂದಿದ್ದವರೊಬ್ಬರು ಅಷ್ಟರಲ್ಲಿ ಫೋನ್ ಎತ್ತುವುದನ್ನೇ ಬಿಟ್ಟಿದ್ದರು.

ವಾಪಸ್ ಬಂದು ಮ್ಯಾಚ್ ವಿಡಿಯೋಗಳನ್ನು ನೋಡುತ್ತಾ ಕೂತೆ. 40-40 ಆದಾಗ ಗೇಮ್ ಯಾರದ್ದು ಅಂತ ಒಂದೇ ಪಾಯಿಂಟ್‌ನಲ್ಲಿ ತೀರ್ಮಾನ. ಆ ಡಿಸೈಡಿಂಗ್ ಪಾಯಿಂಟ್‌ಗಳನ್ನೇ ಬೇರೆ ಬರೆದುಕೊಂಡೆ. ನೆನಪಿದ್ದಂತೆ ಸುಮಾರು ಮೂವತ್ತು. ಗೆದ್ದಿದ್ದು ಒಂಬತ್ತೋ ಹತ್ತೋ. ಸೋತಿದ್ದರಲ್ಲಿ ಹೆಚ್ಚಿನವು ಒಂದೇ ಥರ. ನೆಟ್ ಹತ್ತಿರ ನಿಂತ ನಾನು ಚೆಂಡು ಕಾಲ ಬುಡಕ್ಕೆ ಬರುವಾಗ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಪುಟಿದ ಮೇಲೆ ಹೊಡೆಯುವ ಸಿಂಗಲ್ಸ್ ಅಭ್ಯಾಸ ಅದು. ಅಲ್ಲಿ ಬೇಕಿದ್ದದ್ದು ವಾಲಿ, ಅಂದರೆ ಚೆಂಡು ಪುಟಿಯುವ ಮೊದಲೇ ಹೊಡೆಯುವುದು.

ಪುಟಿಯುವುದೇ ಇಲ್ಲ ಅಂದರೆ? ನಮ್ಮ ಮನೆಯಿಂದ ಟ್ಯಾಗೋರ್ ಬೀಚ್‌ಗೆ ನಡೆದು ಹತ್ತು ನಿಮಿಷ. ಪಕ್ಕದ ಮನೆಯ ಮೀನುಗಾರ ಮಾಮಾ ರಂಪಣಿ ಬಲೆಯ ಹಳೇ ತುಂಡೊಂದನ್ನು ಕೊಟ್ಟರು. ಎರಡು ಬಿದಿರಿನ ಗಳ ನೆಟ್ಟು ಕಟ್ಟಿದೆ. ನಡುವೆ ಮೂರು ಅಡಿ ಎತ್ತರ, ಕೋರ್ಟಿನಷ್ಟೇ. ಗೆರೆ ಎಳೆಯುವುದು ಹಿಮ್ಮಡಿಯಲ್ಲಿ. ಎದುರಿಗೆ ತಮ್ಮ, ಒಂದೊಂದು ದಿನ ಅವನ ಕ್ರಿಕೆಟ್ ಗೆಳೆಯರು. ಚೆಂಡು ಮರಳಿಗೆ ಬಿದ್ದರೆ ಪಾಯಿಂಟ್ ಹೋಯಿತು. ಮೊದಲ ವಾರ ಸಿಟ್ಟೇ ಬಂತು. ಮೂರನೇ ವಾರದ ಹೊತ್ತಿಗೆ ಕಾಲು ತಾನಾಗಿಯೇ ಮುಂದೆ ಹೋಗತೊಡಗಿತು.

ಇದನ್ನು ಮಾಡಲು ಹೊರಟವರು ಕಡಲಿನ ಇಳಿತದ ಹೊತ್ತು ನೋಡಿಕೊಳ್ಳಿ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಆರಕ್ಕೆ ಇದ್ದರೆ ನಾಳೆ ಆರೂ ಐವತ್ತಕ್ಕೆ. ನೀರು ಇಳಿದ ಮೇಲೆ ಉಳಿಯುವ ಒದ್ದೆ ಗಟ್ಟಿ ಮರಳೇ ಬೇಕು. ಮೇಲಿನ ಒಣ ಮರಳಲ್ಲಿ ಓಡಿ ನಾನು ಮೀನಖಂಡ ಎಳೆಸಿಕೊಂಡೆ, ಐದು ವಾರ ಹಾಳು. ಒದ್ದೆಯಾದ ಚೆಂಡು ಭಾರ, ಅದರಲ್ಲೇ ಸ್ಮ್ಯಾಶ್ ಹೊಡೆದು ಭುಜ ನೋಯಿಸಿಕೊಂಡೆ. ಈಗ ಮರಳಲ್ಲಿ ಸ್ಮ್ಯಾಶ್ ಇಲ್ಲವೇ ಇಲ್ಲ. ನಲವತ್ತು ನಿಮಿಷಕ್ಕಿಂತ ಜಾಸ್ತಿ ಆಡುವುದೂ ಇಲ್ಲ.

ಮಳೆಗಾಲದಲ್ಲಿ ಕಡಲು ದಂಡೆಯನ್ನೇ ನುಂಗುತ್ತದೆ. ಆಗ ಶಿರಸಿಯ ಚಿಕ್ಕಮ್ಮನ ಮನೆಗೆ ಹೋದೆ. ಅಡಿಕೆ ಕೊಯ್ಲು ಶುರುವಾಗುವ ತನಕ ಅವರ ಶೆಡ್ ಖಾಲಿ. ಒಂದು ಬದಿ ಗಿಲಾಯಿ ಮಾಡದ ಚಿರೆಕಲ್ಲಿನ ಗೋಡೆ. ಎಂಟು ಅಡಿ ದೂರ ನಿಂತು ವಾಲಿ ಹೊಡೆದರೆ ಚೆಂಡು ಯಾವ ಕಡೆ ತಿರುಗಿ ಬರುತ್ತದೋ ಗೊತ್ತೇ ಆಗುವುದಿಲ್ಲ. ಎರಡು ದಿನದಲ್ಲಿ ಚೆಂಡಿನ ತುಪ್ಪಳ ಹರಿದು ಕೆಂಪಾಗುತ್ತದೆ. ನನ್ನ ಬ್ಯಾಕ್‌ಹ್ಯಾಂಡ್ ವಾಲಿ ನಿಜಕ್ಕೂ ಚುರುಕಾಗಿದ್ದು ಆ ಗೋಡೆಯಿಂದ. ಅದೇ ಹೊತ್ತಿಗೆ ಆಸೆಪಟ್ಟು ರ‍್ಯಾಕೆಟ್‌ಗೆ ನ್ಯಾಚುರಲ್ ಗಟ್ (ದನದ ಕರುಳಿನ ಎಳೆ) ಹಾಕಿಸಿದೆ. ನಾಲ್ಕು ಸಾವಿರ ಕೊಟ್ಟ ನೆನಪು. ಮಳೆಯ ತೇವಕ್ಕೆ ಎಳೆ ಬಿಟ್ಟುಕೊಂಡು ಒಂದೇ ವಾರಕ್ಕೆ ಹರಿಯಿತು. ನಮ್ಮ ಕಡೆ ಪಾಲಿಯೆಸ್ಟರೇ ಸರಿ. ಕರಾವಳಿಗೆ ಎಳೆ ಎಷ್ಟು ಪೌಂಡ್ ಬಿಗಿ ಇರಬೇಕು ಅಂತ ಮಾತ್ರ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ದುಡ್ಡಿಗೆ ದಾರಿ ಮಾಡಿದ್ದು ಗಟ್ಟಿಂಗ್, ಅಂದರೆ ರ‍್ಯಾಕೆಟ್‌ಗೆ ಸ್ಟ್ರಿಂಗ್ ಹಾಕಿಕೊಡುವ ಕೆಲಸ. ಮೂವತ್ತೈದು ಸಾವಿರಕ್ಕೆ ಹಳೇ ಮಷಿನ್ ತೆಗೆದುಕೊಂಡೆ. ನಮ್ಮ ದೇಶದ ಟೂರ್ನಮೆಂಟ್‌ಗಳಿಗೆ ಅದನ್ನೂ ಹೊತ್ತುಕೊಂಡು ಹೋಗುತ್ತೇನೆ. ಒಂದು ರ‍್ಯಾಕೆಟ್‌ಗೆ ಮುನ್ನೂರು, ಸ್ಟ್ರಿಂಗ್ ಅವರದ್ದೇ. ಚೆನ್ನಾಗಿ ನಡೆದ ವಾರ ಮೂವತ್ತು ರ‍್ಯಾಕೆಟ್ ಮಾಡಿದ್ದೇನೆ. ರೂಮಿನ ಬಾಡಿಗೆಯ ಮುಕ್ಕಾಲು ಅದರಲ್ಲೇ ಹುಟ್ಟುತ್ತದೆ. ಪಂಚಗಂಗಾ ರೈಲಿನಲ್ಲಿ ಕಾರವಾರದಿಂದ ಬೆಂಗಳೂರಿಗೆ ಆ ಮಷಿನ್ ಸಾಗಿಸುವುದೇ ಒಂದು ವ್ಯಾಯಾಮ.

ಈಗಿನ ಜೊತೆಗಾತಿ ಎಡಗೈ ಆಟಗಾರ್ತಿ. ಎದುರಾಳಿಯ ಸರ್ವ್‌ಗೆ ಅವಳ ರಿಟರ್ನ್ ತುಂಬಾ ಗಟ್ಟಿ. ಒಂದು ವರ್ಷ ಯಾರೂ ಬಿಟ್ಟು ಹೋಗಬಾರದು, ಖರ್ಚು ಅರ್ಧ ಅರ್ಧ ಅಂತ ಕಾಗದದಲ್ಲಿ ಬರೆದು ಸಹಿ ಹಾಕಿಕೊಂಡೆವು. ಹನ್ನೆರಡು ದಿನ ನಮ್ಮ ಮನೆಯಲ್ಲೇ ಇದ್ದಳು. ಬೆಳಿಗ್ಗೆ ಮರಳು, ಮಧ್ಯಾಹ್ನ ಆಯಿಯ ಬಂಗಡೆ ಸಾರು, ಸಂಜೆ ಮತ್ತೆ ಮರಳು. ಡಿಸೈಡಿಂಗ್ ಪಾಯಿಂಟ್ ಬಂದಾಗ ಯಾವ ಕಡೆಯಿಂದ ರಿಟರ್ನ್ ಮಾಡಬೇಕು ಅನ್ನುವುದು ರಿಟರ್ನ್ ಮಾಡುವವರ ಆಯ್ಕೆ. ಅದನ್ನು ನಾವು ಮೊದಲೇ ನಿರ್ಧರಿಸಿರುತ್ತೇವೆ, ಅಲ್ಲಿ ನಿಂತು ಚರ್ಚೆ ಮಾಡುವುದಿಲ್ಲ. ನಮ್ಮ ಸರ್ವ್ ಇದ್ದಾಗ ಐ ಫಾರ್ಮೇಷನ್, ಅಂದರೆ ಇಬ್ಬರೂ ಕೋರ್ಟಿನ ನಡುವೆ ಒಂದೇ ಸಾಲಿನಲ್ಲಿ ಹಿಂದೆ ಮುಂದೆ ನಿಲ್ಲುವುದು. ನಮ್ಮ ಕೈ ಸನ್ನೆಗಳು ಮಾತ್ರ ನಮ್ಮಿಬ್ಬರಿಗೇ.

2024ರಲ್ಲಿ ಡಬ್ಲ್ಯೂ15 ಗೆದ್ದ ವಾರ ಫೈನಲ್ ಮೂರನೇ ಸೆಟ್ಟಿನ ಬದಲಿಗಿರುವ ಹತ್ತು ಪಾಯಿಂಟ್ ಟೈಬ್ರೇಕ್‌ಗೆ ಹೋಯಿತು. 10-7. ಕೊನೆಯ ಪಾಯಿಂಟ್ ಪಾದದ ಹತ್ತಿರ ಬಂದ ಚೆಂಡು. ಹಿಂದೆ ಸರಿಯದೆ ಮುಂದೆ ಬಾಗಿ ಎತ್ತಿ ಹಾಕಿದೆ. ಗೆದ್ದಿದ್ದಕ್ಕೆ 15 ರ‍್ಯಾಂಕಿಂಗ್ ಪಾಯಿಂಟ್ ಬಂತು. ಹಿಂದೆ ಇದೇ ಗೆಲುವಿಗೆ ಹತ್ತೇ ಇತ್ತು. ಆ ವರ್ಷ ಡಬಲ್ಸ್‌ನಲ್ಲಿ 800ರ ಹತ್ತಿರ ಮುಟ್ಟಿದೆ, ನನ್ನ ಪಾಲಿಗೆ ಅದೇ ಅತಿ ಮೇಲಿನ ರ‍್ಯಾಂಕ್. ವರ್ಷದ ಖರ್ಚು ಗಳಿಕೆ ಹೆಚ್ಚು ಕಡಿಮೆ ಸರಿಹೋಯಿತು, ಅಪ್ಪನ ಹತ್ತಿರ ಕೇಳಲಿಲ್ಲ. ವಯಸ್ಸಾಯಿತು ಅನ್ನುವವರಿಗೆ ಕೊಡಗಿನ ರೋಹನ್ ಬೋಪಣ್ಣ ಅವರ ಹೆಸರು ಹೇಳುತ್ತೇನೆ. ಅದೇ 2024ರಲ್ಲಿ 43ನೇ ವಯಸ್ಸಿಗೆ ಡಬಲ್ಸ್ ನಂಬರ್ ಒನ್ ಆದರು.

ಹೀಗೆ ಬಂದ ಪಾಯಿಂಟ್ 52 ವಾರಕ್ಕೆ ಉದುರಿ ಹೋಗುತ್ತದೆ. ಹಾಗಾಗಿ ಈಗ ಒಂದು ಮೆಟ್ಟಿಲು ಮೇಲಿನ ಡಬ್ಲ್ಯೂ35 ಡ್ರಾಗಳಿಗೆ ಎಂಟ್ರಿ ಹಾಕುತ್ತಿದ್ದೇವೆ. ಬಲೆಯ ಎಡ ತುದಿ ಹರಿದಿದೆ. ಮಳೆ ನಿಂತ ಮೇಲೆ ಹೊಲಿದುಕೊಡುತ್ತೇನೆ ಅಂತ ಮಾಮಾ ಹೇಳಿದ್ದಾರೆ.