ಸಿವಿಲೈಸೇಶನ್ 6: ಕಂಪ್ಯೂಟರ್ ಎದುರಾಳಿಯನ್ನು ಒಲಿಸಿಕೊಳ್ಳುವುದು

ಸಾಮ್ರಾಜ್ಯ ಕಟ್ಟುವ ಈ ವಿಡಿಯೋ ಗೇಮ್‌ನಲ್ಲಿ, ಕಂಪ್ಯೂಟರ್ ಆಡಿಸುವ ಹೊಸ ನಾಯಕ ಎದುರಾದ ಟರ್ನ್‌ನಲ್ಲೇ (ಆಟದ ಸರದಿಯಲ್ಲೇ) 25 ಚಿನ್ನ ಕೊಟ್ಟು ನಿಯೋಗ ಕಳಿಸಿ. ತಡ ಮಾಡಿದರೆ ಅವನ ಅಜೆಂಡಾ (ಆ ನಾಯಕನ ಇಷ್ಟಾನಿಷ್ಟ) ಲೆಕ್ಕಕ್ಕೆ ಬಂದು ಮುಖ ಸಿಂಡರಿಸುತ್ತಾನೆ. ಆಮೇಲೆ ನಿಯೋಗ ಒಪ್ಪುವುದು ಕಷ್ಟ.

ಅಜೆಂಡಾ ಓದದೆ ಮುಂದುವರಿಯಬೇಡಿ. ಕ್ಲಿಯೋಪಾತ್ರಳಿಗೆ ದುರ್ಬಲ ಸೈನ್ಯ ಕಂಡರಾಗದು, ಟ್ರಾಜನ್‌ಗೆ ಚಿಕ್ಕ ರಾಜ್ಯ ಕಂಡರೆ ತಾತ್ಸಾರ. ಪಕ್ಕದಲ್ಲಿ ಕ್ಲಿಯೋಪಾತ್ರ ಇದ್ದು ನೀವು ಸೈನ್ಯ ಬಿಟ್ಟು ಬರೀ ಸೆಟ್ಲರ್ (ಹೊಸ ನಗರ ಸ್ಥಾಪಿಸುವ ತಂಡ) ಕಟ್ಟುತ್ತ ಕೂತರೆ ಯುದ್ಧ ಕರೆದಂತೆಯೇ.

ಎದುರಾಳಿ ನಾಯಕನ ಮುಖ ನಗುತ್ತಿದ್ದಂತೆ ಸ್ನೇಹ ಘೋಷಣೆ ಕೇಳಿ. ಆಟದ ಸ್ಟ್ಯಾಂಡರ್ಡ್ (ಸಾಮಾನ್ಯ) ವೇಗದಲ್ಲಿ ಅದು 30 ಟರ್ನ್; ಅಷ್ಟರವರೆಗೆ ಇಬ್ಬರೂ ಪರಸ್ಪರ ಯುದ್ಧ ಸಾರುವಂತಿಲ್ಲ. ಮುಗಿದ ಕೂಡಲೇ ನವೀಕರಿಸಿ.

ನಾಗರಿಕತೆ ಆರಿಸುವಾಗ ಹೊಸಬರಿಗೆ ಸುಮೇರಿಯಾ ಸಾಕು: ಅದರ ವಿಶೇಷ ಸೇನಾ ಘಟಕವಾದ ಯುದ್ಧರಥಕ್ಕೆ ಯಾವ ತಂತ್ರಜ್ಞಾನವೂ ಬೇಡ, ಮೊದಲ ಟರ್ನ್‌ನಿಂದಲೇ ಕಟ್ಟಬಹುದು. ಗುಡ್ಡಗಾಡು ನಕ್ಷೆಯಲ್ಲಿ ಮಾತ್ರ ಆ ರಥದ ಓಟ ಕುಂಟುತ್ತದೆ.